ರೋಡ್ ಬೈಕ್ ಓಡಿಸುವವರು ಮೊದಲ ಸಲ ಮಣ್ಣಿನ ದಾರಿಗೆ ಇಳಿಯುವುದು ಹೇಗೆ?

ರೋಡ್ ಬೈಕಿನಲ್ಲಿ, ಅಂದರೆ ಡಾಂಬರು ರಸ್ತೆಗೆಂದೇ ಇರುವ ತೆಳು ಟೈರಿನ ಸೈಕಲ್ಲಿನಲ್ಲಿ, ನಂದಿ ಬೆಟ್ಟವನ್ನು ನಿಲ್ಲದೆ ಹತ್ತುವವರು, ಭಾನುವಾರ ಬಂತೆಂದರೆ ನೂರು ಕಿಲೋಮೀಟರ್ ಮುಗಿಸಿಯೇ ತಿಂಡಿಗೆ ಕೂರುವವರು, ಕಲ್ಲು ಮಣ್ಣಿನ ದಾರಿಗೆಂದಿರುವ ಮೌಂಟೇನ್ ಬೈಕ್ ಹತ್ತಿದ ಅರ್ಧ ಗಂಟೆಗೆ ‘ಇದು ನಮಗಲ್ಲ ಬಿಡಿ’ ಎಂದು ವಾಪಸ್ ಬರುವುದನ್ನು ತುಂಬಾ ನೋಡಿದ್ದೇನೆ. ನೋಡಿದಾಗೆಲ್ಲ ಬೇಜಾರಾಗುತ್ತದೆ. ಕಾಲಲ್ಲಿ ಶಕ್ತಿ ಇದೆ, ಉಸಿರೂ ಇದೆ. ತೊಂದರೆ ಇರುವುದು ಅಭ್ಯಾಸದಲ್ಲಿ. ಡಾಂಬರಿನ ಮೇಲೆ ಒಳ್ಳೆಯ ಸವಾರ ಎಂದರೆ ಸೀಟಿನ ಮೇಲೆ ಅಲುಗಾಡದೆ ಕೂತು ಪೆಡಲ್ ತುಳಿಯುವವನು. ಕಲ್ಲು ಮಣ್ಣಿನಲ್ಲಿ ಹಾಗೆ ಕೂತರೆ ಬೀಳುವುದು ಗ್ಯಾರಂಟಿ. ಅಲ್ಲಿ ಸೈಕಲ್ ಅಲುಗಾಡಲೇಬೇಕು. ಅದನ್ನು ಅದರ ಪಾಡಿಗೆ ಅಲುಗಾಡಲು ಬಿಟ್ಟು ನೀವು ಮೇಲೆ ಸಡಿಲವಾಗಿ ನಿಲ್ಲುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು.

ಮೊದಲು ಸೈಕಲ್

ಖರೀದಿ ಮಾಡಬೇಡಿ. ಬಾಡಿಗೆಗೆ ತನ್ನಿ, ಇಲ್ಲ ಗೆಳೆಯರದ್ದು ಕೇಳಿ. ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಹಾರ್ಡ್‌ಟೇಲ್ ಸಾಕು. 100ರಿಂದ 120 ಮಿಲಿಮೀಟರ್ ಕುಗ್ಗುವ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು), 29 ಇಂಚಿನ ಚಕ್ರ, ಹೈಡ್ರಾಲಿಕ್ ಡಿಸ್ಕ್ ಬ್ರೇಕ್. ಇವುಗಳಲ್ಲಿ ಯಾವುದನ್ನಾದರೂ ಬಿಟ್ಟುಕೊಡಬಹುದು, ಬ್ರೇಕ್ ಮಾತ್ರ ಬೇಡ. ಒಂದೇ ಬೆರಳಲ್ಲಿ ಹಿಡಿದರೆ ಸೈಕಲ್ ನಿಲ್ಲಬೇಕು, ಉಳಿದ ಬೆರಳುಗಳು ಹ್ಯಾಂಡಲ್ ಹಿಡಿಯಲು ಬೇಕು.

ಬೇರೆಯವರ ಸೈಕಲ್ ಹತ್ತುವ ಮುಂಚೆ ಯಾವ ಲಿವರ್ ಮುಂದಿನ ಬ್ರೇಕಿನದು ಎಂದು ಒತ್ತಿ ನೋಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಗೆ ಮುಂದಿನದು ಇರುತ್ತದೆ, ಹೊರಗಿಂದ ಬಂದ ಕೆಲವು ಸೈಕಲ್‌ಗಳಲ್ಲಿ ಉಲ್ಟಾ. ಇಳಿಜಾರಿಗೆ ಹೋದ ಮೇಲೆ ತಿಳಿದುಕೊಳ್ಳುವ ವಿಷಯ ಅಲ್ಲ ಇದು.

ಪೆಡಲಿಗೆ ಕ್ಲಿಪ್ ಹಾಕಿ ಸಿಕ್ಕಿಸುವ ಶೂ ಮನೆಯಲ್ಲೇ ಇರಲಿ. ಮೊದಲ ಸಲ ಚಪ್ಪಟೆ ಪೆಡಲ್, ಮೆತ್ತನೆ ರಬ್ಬರ್ ಅಡಿಯ ಶೂ. ಕಾಲು ಯಾವಾಗ ಬೇಕಾದರೂ ನೆಲಕ್ಕೆ ಬರುತ್ತದೆ ಎಂಬ ಧೈರ್ಯ ಇದ್ದರೆ ಮೈ ಬಿಗಿಯುವುದಿಲ್ಲ. ಹೆಲ್ಮೆಟ್ ನಿಮ್ಮ ಹತ್ತಿರ ಇದ್ದೇ ಇರುತ್ತದೆ. ಪೂರ್ತಿ ಬೆರಳು ಮುಚ್ಚುವ ಗ್ಲೌಸ್ ಮತ್ತು ಮೊಣಕಾಲಿನ ಪ್ಯಾಡ್ ಸೇರಿಸಿಕೊಳ್ಳಿ.

ಗಾಳಿ: ರೋಡಿನವರು ಎಡವುವುದು ಇಲ್ಲೇ

ರೋಡ್ ಬೈಕಿನ 28 ಮಿಲಿಮೀಟರ್ ಟೈರಿಗೆ 75–80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹಾಕಿ ಹಾಕಿ ಕೈಗೆ ಅದೇ ರೂಢಿಯಾಗಿರುತ್ತದೆ. ಟೈರ್ ಕಲ್ಲಿನ ಹಾಗಿರಬೇಕು ಅನ್ನುವುದು ತಲೆಯಲ್ಲಿ ಕೂತುಬಿಟ್ಟಿರುತ್ತದೆ. ಎರಡೂಕಾಲು ಇಂಚಿನ ಮೌಂಟೇನ್ ಬೈಕ್ ಟೈರಿಗೆ ಇದರ ಮೂರನೇ ಒಂದು ಭಾಗ ಸಾಕು. ನೀವು 70 ಕಿಲೋ ತೂಕ ಇದ್ದು ಒಳಗೆ ಟ್ಯೂಬ್ ಇದ್ದರೆ 26–28 ಪಿಎಸ್‌ಐನಿಂದ ಶುರು ಮಾಡಿ. ಟ್ಯೂಬ್‌ಲೆಸ್ ಆದರೆ 22–25. ಮುಂದಿನ ಚಕ್ರಕ್ಕೆ ಹಿಂದಿನದಕ್ಕಿಂತ ಒಂದೆರಡು ಕಡಿಮೆ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಏರಿಸಿ. ಇಷ್ಟು ಹಾಕಿದ ಮೇಲೆ ಹೆಬ್ಬೆರಳಲ್ಲಿ ಗಟ್ಟಿಯಾಗಿ ಒತ್ತಿದರೆ ಟೈರ್ ಚೂರು ತಗ್ಗುತ್ತದೆ. ‘ಪಂಕ್ಚರ್ ಆಗಿದೆಯಾ’ ಅಂತ ಅನುಮಾನ ಬರುತ್ತದೆ. ಆಗಿಲ್ಲ, ಹಾಗೇ ಇರಬೇಕು. ಮೆತ್ತಗಿರುವ ಟೈರ್ ಕಲ್ಲಿನ ಮೇಲೆ ಕುಣಿಯುವುದಿಲ್ಲ, ಕಲ್ಲಿನ ಆಕಾರಕ್ಕೆ ಬಗ್ಗಿ ಅದನ್ನು ಹಿಡಿದುಕೊಳ್ಳುತ್ತದೆ. ಗ್ರಿಪ್ ಬರುವುದೇ ಹಾಗೆ.

ಹಾಗಂತ ತುಂಬಾ ಇಳಿಸಿದರೂ ಕಷ್ಟ. ಚೂಪು ಕಲ್ಲಿಗೆ ಚಕ್ರ ಬಡಿದಾಗ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು ಬೀಳುತ್ತದೆ. ಇನ್ನೊಂದು ಮಾತು. ನಿಮ್ಮ ಮನೆಯ ಪಂಪಿನ ಮೀಟರ್ 160 ಪಿಎಸ್‌ಐವರೆಗೆ ಇದ್ದರೆ ಅದು 25ರ ಹತ್ತಿರ ಸರಿಯಾಗಿ ತೋರಿಸುತ್ತದೆಂದು ನಂಬಬೇಡಿ. ಕಡಿಮೆ ಒತ್ತಡ ಅಳೆಯುವ ಚಿಕ್ಕ ಗೇಜ್ ಒಂದು ಇಟ್ಟುಕೊಳ್ಳಿ.

ಎಲ್ಲಿಗೆ ಹೋಗುವುದು?

ಬೆಂಗಳೂರಿನವರ ಬಾಯಲ್ಲಿ ಮೊದಲು ಬರುವುದು ಯಲಹಂಕದ ಆಚೆಯ ಆವಲಹಳ್ಳಿ ಕಾಡು, ಕನಕಪುರ ರಸ್ತೆ ಕಡೆಯ ತುರಹಳ್ಳಿ. ಎರಡೂ ಅರಣ್ಯ ಇಲಾಖೆಯ ಜಾಗ. ಸೈಕಲ್ ಬಿಡುತ್ತಾರೋ ಇಲ್ಲವೋ, ಎಷ್ಟು ಹೊತ್ತಿನವರೆಗೆ ಎನ್ನುವುದು ಬದಲಾಗುತ್ತಿರುತ್ತದೆ. ಗೇಟಿನಲ್ಲಿ ಕೇಳಿಕೊಂಡೇ ಒಳಗೆ ಹೋಗಿ, ಬೇಡ ಎಂದರೆ ವಾದ ಮಾಡದೆ ವಾಪಸ್ ಬನ್ನಿ. ಬನ್ನೇರುಘಟ್ಟ ಕಾಡಿನ ಅಂಚಿನ ದಾರಿಗಳು ನೋಡಲು ಎಷ್ಟೇ ಚೆನ್ನಾಗಿದ್ದರೂ ಆ ಕಡೆ ತಲೆ ಹಾಕಬೇಡಿ. ಅದು ಆನೆ ಓಡಾಡುವ ಜಾಗ.

ನನ್ನನ್ನು ಕೇಳಿದರೆ ಮೊದಲ ದಿನಕ್ಕೆ ಕಾಡೇ ಬೇಡ. ಕೆರೆ ಏರಿ, ಹೊಲಗಳ ಮಧ್ಯದ ಬಂಡಿ ದಾರಿ ಇವೆಲ್ಲ ಯಾವ ಊರಲ್ಲಿ ಇಲ್ಲ ಹೇಳಿ? ಸೈಕಲ್ ಎಂದರೆ ಬೆಂಗಳೂರು ಅಂತಲೂ ಅಲ್ಲ. ವಿಜಯಪುರ, ಬಾಗಲಕೋಟೆ ಕಡೆಯಿಂದ ಎಷ್ಟೋ ವರ್ಷಗಳಿಂದ ಸೈಕಲ್ ಪಟುಗಳು ಬರುತ್ತಿದ್ದಾರೆ. 2022ರಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಡೆದದ್ದು ಗದಗದಲ್ಲಿ. ಆದರೆ ಆ ಕಡೆಯ ಎರೆ ಮಣ್ಣಿಗೆ ಮಳೆ ಬಿದ್ದರೆ ಎರಡು ದಿನ ಸುಮ್ನೆ ಇದ್ದುಬಿಡಿ. ಹಸಿ ಎರೆ ಮಣ್ಣು ಟೈರಿಗೆ ಪದರ ಪದರವಾಗಿ ಮೆತ್ತಿಕೊಂಡು ಫೋರ್ಕಿನಲ್ಲಿ ತುಂಬಿ ಚಕ್ರವನ್ನೇ ನಿಲ್ಲಿಸುತ್ತದೆ. ಹಳೇ ಮೈಸೂರು ಕಡೆಯ ಕೆಂಪು ಮಣ್ಣು ಬೇಗ ಆರುತ್ತದೆ, ಆದರೆ ಒದ್ದೆ ಬಂಡೆ ಎಲ್ಲಿದ್ದರೂ ಜಾರುತ್ತದೆ.

ದಾರಿಗೆ ಇಳಿಯುವ ಮುಂಚೆ ಮೈದಾನ

ಅರ್ಧ ಗಂಟೆ ಮಣ್ಣಿನ ಮೈದಾನದಲ್ಲಿ ಕಳೆಯಿರಿ. ಸೀಟನ್ನು ರೋಡ್ ಬೈಕಿನಲ್ಲಿ ಇಡುವ ಎತ್ತರಕ್ಕಿಂತ ಮೂರ್ನಾಲ್ಕು ಸೆಂಟಿಮೀಟರ್ ಇಳಿಸಿ. ನಿಧಾನ ಹೋಗುತ್ತಾ ಎದ್ದು ನಿಲ್ಲಿ. ಎರಡು ಪೆಡಲೂ ನೆಲಕ್ಕೆ ಸಮನಾಗಿರಲಿ, ಒಂದು ಮುಂದೆ, ಒಂದು ಹಿಂದೆ. ಹಿಮ್ಮಡಿ ಕೊಂಚ ಕೆಳಗೆ. ಮಂಡಿ ಬಗ್ಗಿರಲಿ, ಸೊಂಟ ಹಿಂದಕ್ಕೆ, ಮೊಣಕೈ ಎರಡೂ ಹೊರಕ್ಕೆ. ಮೈಯ ಭಾರವೆಲ್ಲ ಪಾದದ ಮೇಲೆ. ಸರಿಯಾಗಿ ನಿಂತಿದ್ದೀರೋ ಇಲ್ಲವೋ ಎಂದು ತಿಳಿಯಲು ಒಂದು ಉಪಾಯ ಇದೆ. ಹ್ಯಾಂಡಲ್ ಹಿಡಿದ ಬೆರಳುಗಳನ್ನು ಒಂದು ಕ್ಷಣ ಸಡಿಲ ಬಿಡಿ. ಮುಂದಕ್ಕೆ ಮುಗ್ಗರಿಸಿದರೆ ಭಾರ ಇನ್ನೂ ಕೈ ಮೇಲಿದೆ ಎಂದರ್ಥ.

ಇನ್ನು ಬ್ರೇಕ್. ನೇರವಾಗಿ ಹೋಗುತ್ತಾ ಹಿಂದಿನದನ್ನು ಮಾತ್ರ ಜೋರಾಗಿ ಹಿಡಿಯಿರಿ. ಚಕ್ರ ಲಾಕ್ ಆಗಿ ಸರ್ರನೆ ಜಾರುತ್ತದೆ, ಸೈಕಲ್ ಬೇಗ ನಿಲ್ಲುವುದಿಲ್ಲ. ಈಗ ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತುತ್ತಾ ಜಾಸ್ತಿ ಮಾಡುತ್ತಾ ಹೋಗಿ. ಎಷ್ಟು ಬೇಗ ನಿಂತಿತು ನೋಡಿ, ಅಲ್ವಾ? ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂದಿನ ಬ್ರೇಕಿನಲ್ಲೇ. ಆದರೆ ಉದುರು ಮಣ್ಣಿನ ತಿರುವಿನಲ್ಲಿ ಅದನ್ನು ಹಿಡಿದರೆ ಮುಂದಿನ ಚಕ್ರ ಜಾರಿಹೋಗುತ್ತದೆ. ಅದಕ್ಕೇ ತಿರುವಿಗೆ ಮುಂಚೆ, ನೇರ ಇರುವಾಗಲೇ ವೇಗ ಇಳಿಸಿಕೊಂಡು, ತಿರುಗುವಾಗ ಬ್ರೇಕ್ ಬಿಡಿ. ಇದು ಕೈಗೆ ಬರುವವರೆಗೂ ಮೈದಾನ ಬಿಡಬೇಡಿ.

ಏರು, ಇಳಿಜಾರು, ಮರಳು

ಏರು ಬಂದರೆ ಎದ್ದು ನಿಂತು ತುಳಿಯುವ ಚಾಳಿ ಎಲ್ಲ ರೋಡ್ ಸವಾರರದ್ದು. ಇಲ್ಲಿ ಎದ್ದರೆ ಹಿಂದಿನ ಚಕ್ರದ ಮೇಲಿನ ಭಾರ ಹೋಗಿ ಅದು ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಕೂತೇ ಇರಿ. ಸೀಟಿನ ಮುಂದಿನ ತುದಿಗೆ ಜರುಗಿ, ಎದೆಯನ್ನು ಹ್ಯಾಂಡಲ್ ಕಡೆ ಬಗ್ಗಿಸಿ, ಒಂದೇ ಸಮನೆ ತುಳಿಯಿರಿ. ಗೇರ್ ಮಾತ್ರ ಏರು ಶುರುವಾಗುವ ಮುಂಚೆಯೇ ಬದಲಿಸಬೇಕು. ಅರ್ಧ ಹತ್ತಿದ ಮೇಲೆ ಒತ್ತಡದಲ್ಲಿ ಬದಲಿಸಿದರೆ ಚೈನ್ ಕಟಕಟ ಅನ್ನುತ್ತದೆ, ಕೆಲವು ಸಲ ತುಂಡೂ ಆಗುತ್ತದೆ.

ಇಳಿಜಾರಿನಲ್ಲಿ ಎಲ್ಲ ಕೆಲಸ ಕಣ್ಣಿನದು. ಮಳೆ ನೀರು ಕೊರೆದ ಕೊರಕಲು ಇದೆ, ಅದರ ಬಾಯಲ್ಲೇ ತೆಂಗಿನಕಾಯಿ ಗಾತ್ರದ ಕಲ್ಲು ಕೂತಿದೆ ಎಂದುಕೊಳ್ಳಿ. ಕಲ್ಲನ್ನೇ ನೋಡುತ್ತಿದ್ದರೆ ಚಕ್ರ ನೇರ ಅದಕ್ಕೇ ಹೋಗಿ ಗುದ್ದುತ್ತದೆ. ಕಲ್ಲಿನ ಪಕ್ಕ ಟೈರಿನಗಲದ ಜಾಗ ಇದೆಯಲ್ಲ, ಅದನ್ನು ನೋಡಿ, ಅಲ್ಲಿಂದ ಕಣ್ಣನ್ನು ಇನ್ನೂ ಐದಾರು ಮೀಟರ್ ಮುಂದಕ್ಕೆ ಕಳಿಸಿ. ಚಕ್ರ ಕಣ್ಣಿನ ಹಿಂದೆ ಬರುತ್ತದೆ. ಕೊರಕಲಿನ ಒಳಗೇ ಇಳಿದುಬಿಟ್ಟರೆ ಹೊರಗೆ ಬರಲು ಹ್ಯಾಂಡಲ್ ತಿರುಗಿಸಬೇಡಿ. ಅದರೊಳಗೇ ನಿಧಾನಕ್ಕೆ ಸಾಗಿ, ಅದು ಮುಗಿಯುವ ಕಡೆ ಆಚೆ ಬನ್ನಿ. ಕಡಿದಾಗಿದ್ದು ಭಯ ಅನ್ನಿಸಿದರೆ ಇಳಿದು ತಳ್ಳಿಕೊಂಡು ಹೋಗಿ. ಪಳಗಿದವರೂ ಹೊಸ ಜಾಗದಲ್ಲಿ ಮೊದಲು ನಡೆದು ನೋಡಿಯೇ ಇಳಿಯುತ್ತಾರೆ.

ಮರಳು ಸಿಕ್ಕರೆ ಭಾರ ಕೊಂಚ ಹಿಂದಕ್ಕೆ ಹಾಕಿ, ಹ್ಯಾಂಡಲ್ ನೇರ ಹಿಡಿದು ತುಳಿಯುತ್ತಲೇ ಇರಿ. ಅಷ್ಟೇ.

ವೇಗದ ಲೆಕ್ಕ ಮನೆಯಲ್ಲಿ ಬಿಟ್ಟು ಬನ್ನಿ. ರಸ್ತೆಯಲ್ಲಿ ಗಂಟೆಗೆ 28 ಕಿಲೋಮೀಟರ್ ಹೊಡೆಯುವವರಿಗೆ ಇಲ್ಲಿ 10–12 ಬಂದರೆ ಚೆನ್ನಾಗಿಯೇ ಬಂತು. ಮೊದಲ ದಿನ ಎಂಟು ಹತ್ತು ಕಿಲೋಮೀಟರ್ ಸಾಕು. ಅದೂ ಒಂದು ಚಿಕ್ಕ ಸುತ್ತನ್ನೇ ಮತ್ತೆ ಮತ್ತೆ ಹೊಡೆಯಿರಿ. ಮೊದಲ ಸುತ್ತಿನಲ್ಲಿ ಹೆದರಿಸಿದ ಕಲ್ಲು ಮೂರನೇ ಸುತ್ತಿನಲ್ಲಿ ಗುರುತಿನದಾಗಿರುತ್ತದೆ. ಒಬ್ಬರೇ ಹೋಗಬೇಡಿ. ನೀರು, ಒಂದು ಟ್ಯೂಬ್, ಪಂಪು ಬೆನ್ನಿಗಿರಲಿ. ಕೆರೆ ಅಂಗಳಗಳಲ್ಲಿ ಬಳ್ಳಾರಿ ಜಾಲಿ ಇದ್ದೇ ಇರುತ್ತದೆ, ಅದರ ಮುಳ್ಳು ಟೈರ್ ದಾಟಿ ಟ್ಯೂಬಿಗೆ ಇಳಿಯಲು ಹೊತ್ತು ಬೇಕಿಲ್ಲ.

ಮನೆಗೆ ಬಂದ ಮೇಲೆ ಸೈಕಲ್ಲಿಗೆ ಜೋರು ಪೈಪಿನ ನೀರು ಹೊಡೆಯಬೇಡಿ, ಬೇರಿಂಗ್ ಒಳಗೆ ನೀರು ಹೋಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಚೈನ್ ಒಣಗಿಸಿ ಎಣ್ಣೆ ಬಿಡಿ. ಟೈರ್ ಮೇಲೆ ಬೆರಳಾಡಿಸಿ ಮುರಿದ ಮುಳ್ಳುಗಳನ್ನು ಕಿತ್ತು ತೆಗೆಯಿರಿ. ಮಾರನೇ ದಿನ ಮುಂಗೈ, ಭುಜ ನೋಯುತ್ತವೆ. ಕಾಲಿಗಿಂತ ಅವೇ ಜಾಸ್ತಿ ನೋಯುತ್ತಿದ್ದರೆ ಹ್ಯಾಂಡಲನ್ನು ತುಂಬಾ ಬಿಗಿಯಾಗಿ ಹಿಡಿದಿದ್ದೀರಿ. ಮುಂದಿನ ವಾರ ಮತ್ತೆ ಮೈದಾನದಿಂದಲೇ ಶುರು ಮಾಡಿ.