ಕೆನಡಾದ ಬಿ.ಸಿ. (ಬ್ರಿಟಿಷ್ ಕೊಲಂಬಿಯಾ) ಪ್ರಾಂತ್ಯದ ಗ್ಯಾಸ್ ಪೈಪ್‌ಲೈನ್ ಗಲಾಟೆ: ಒಪ್ಪಿಗೆ ಕೊಡೋ ಹಕ್ಕು ಯಾರದ್ದು? ಇಲ್ಲಿಗೆ ಬಂದಿರೋ ಕನ್ನಡಿಗರಿಗೆ

ವ್ಯಾಂಕೂವರ್, ಸರ್ರೆ, ಬರ್ನಬಿ ಕಡೆ ಇರೋ ನಮ್ಮವರು ಕೇಳ್ತಾನೇ ಇರೋ ಪ್ರಶ್ನೆ ಇದು. ಕೋಸ್ಟಲ್ ಗ್ಯಾಸ್‌ಲಿಂಕ್ ಪೈಪ್‌ಲೈನ್ ದಾರಿಯಲ್ಲಿರೋ 20 ಫಸ್ಟ್ ನೇಷನ್‌ಗಳು (ಮೂಲನಿವಾಸಿ ಸಮುದಾಯಗಳು) ಒಪ್ಪಂದಕ್ಕೆ ಸಹಿ ಹಾಕಿವೆ ಅಂತ ಕಂಪನಿ ಹೇಳುತ್ತೆ, ಆದ್ರೆ ಅದೇ ಜನ ರಸ್ತೆಗೆ ಅಡ್ಡ ಕೂತು ಅರೆಸ್ಟ್ ಆಗ್ತಾರೆ, ಹಂಗಾದ್ರೆ ಇಬ್ಬರಲ್ಲಿ ಸುಳ್ಳು ಹೇಳ್ತಿರೋದು ಯಾರು? ಯಾರೂ ಅಲ್ಲ. ಸಹಿ ಹಾಕಿದವರೇ ಬೇರೆ, ಅಡ್ಡ ನಿಂತವರೇ ಬೇರೆ, ಇಬ್ಬರಿಗೂ ಒಂದೊಂದು ಥರದ ಅಧಿಕಾರ ಇದೆ.

ಮೊದಲು ಪೈಪ್ ವಿಷಯ. ಬ್ರಿಟಿಷ್ ಕೊಲಂಬಿಯಾದ ಈಶಾನ್ಯದಲ್ಲಿ ಡಾಸನ್ ಕ್ರೀಕ್ ಹತ್ರ ಶುರುವಾಗಿ ಸುಮಾರು 670 ಕಿ.ಮೀ. ಬೆಟ್ಟ ಕಾಡು ದಾಟಿ ಸಮುದ್ರದ ಪಕ್ಕದ ಕಿಟಿಮ್ಯಾಟ್‌ಗೆ ಹೋಗುತ್ತೆ. ಅಲ್ಲಿ ಎಲ್‌ಎನ್‌ಜಿ ಕೆನಡಾ ಅನ್ನೋ ಪ್ಲಾಂಟ್‌ನಲ್ಲಿ ಗ್ಯಾಸನ್ನ ತಣ್ಣಗೆ ಮಾಡಿ ದ್ರವ ಮಾಡಿ ಹಡಗಲ್ಲಿ ಏಷ್ಯಾಗೆ ಕಳಿಸ್ತಾರೆ. ಕಟ್ಟೋ ಕಂಪನಿ ಟಿಸಿ ಎನರ್ಜಿ, ಮೊದಲು 6.2 ಬಿಲಿಯನ್ ಡಾಲರ್ ಅಂದಿದ್ದ ಖರ್ಚು ಕೊನೆಗೆ 14.5 ಬಿಲಿಯನ್ ಹತ್ರ ಹೋಯ್ತು. ಪೈಪ್ ಹಾಕೋ ಕೆಲಸ 2023ರಲ್ಲಿ ಮುಗೀತು, 2025ರ ಜೂನ್ ಕೊನೆಗೆ ಮೊದಲ ಹಡಗು ಹೊರಟಿತು. ಮುಗೀತಲ್ಲ, ಇನ್ನೇನು ಜಗಳ ಅಂತ ಅನ್ಕೋಬೇಡಿ, ಎರಡನೇ ಹಂತದ ಮಾತು ಈಗ ಜೋರಾಗಿದೆ. ಪ್ಲಾಂಟ್‌ನ ಸಾಮರ್ಥ್ಯ ವರ್ಷಕ್ಕೆ 14 ಮಿಲಿಯನ್ ಟನ್‌ನಿಂದ 28ಕ್ಕೆ ಏರಿಸ್ಬೇಕು ಅನ್ನೋ ಪ್ಲಾನ್, ಅದಕ್ಕೆ ಪೂರ್ತಿ ಹೊಸ ಪೈಪ್ ಬೇಕಿಲ್ಲ, ದಾರಿಯುದ್ದಕ್ಕೂ ಇನ್ನಷ್ಟು ಕಂಪ್ರೆಸರ್ ಸ್ಟೇಷನ್ ಕಟ್ಟಿ ಒತ್ತಡ ಜಾಸ್ತಿ ಮಾಡಿದ್ರೆ ಅದೇ ಪೈಪಲ್ಲಿ ದುಪ್ಪಟ್ಟಿಗೂ ಹೆಚ್ಚು ಗ್ಯಾಸ್ ಹೋಗುತ್ತೆ. 2025ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಕಾರ್ನಿ ಈ ಪ್ಲಾಂಟ್ ವಿಸ್ತರಣೆಯನ್ನ ದೊಡ್ಡ ಪ್ರಾಜೆಕ್ಟ್‌ಗಳಿಗೆ ಬೇಗ ಅನುಮತಿ ಕೊಡಿಸೋ ಹೊಸ ಆಫೀಸಿಗೆ ಕಳಿಸಿದ್ರು.

ಈಗ ಅಧಿಕಾರದ ವಿಷಯ. ನಾವು ಹೊರಗಿಂದ ಬಂದೋರು ಎಡವೋದು ಇಲ್ಲೇ.

1876ರ ಇಂಡಿಯನ್ ಆಕ್ಟ್ ಪ್ರಕಾರ ಸರ್ಕಾರ ಮೂಲನಿವಾಸಿಗಳಿಗೆ ಸಣ್ಣ ಸಣ್ಣ ರಿಸರ್ವ್ ಗುರುತು ಮಾಡ್ತು, ಅಲ್ಲಿಗೆ ಚುನಾವಣೆಯಿಂದ ಬರೋ ಬ್ಯಾಂಡ್ ಕೌನ್ಸಿಲ್ ಅನ್ನೋ ವ್ಯವಸ್ಥೆ ಹೇರ್ತು. ಮನೆ, ಸ್ಕೂಲು, ನೀರು ಎಲ್ಲ ಇವರ ತಲೆ ಮೇಲೆ. ಕಂಪನಿ ಜೊತೆ ಸಹಿ ಹಾಕಿದ್ದು ಈ ಕೌನ್ಸಿಲ್‌ಗಳು. ಆದ್ರೆ ರಿಸರ್ವ್ ಆಚೆ ಇರೋ ವಿಶಾಲ ನೆಲ, ಪೈಪ್ ದಾರಿಯಲ್ಲಿರೋ ವೆಟ್ಸುವೆಟೆನ್ ಅನ್ನೋ ಮೂಲನಿವಾಸಿ ಜನಕ್ಕೆ ಅದು ಸುಮಾರು 22,000 ಚದರ ಕಿ.ಮೀ., ಅದರ ಹೊಣೆ ಅವರ ಪದ್ಧತಿಯಲ್ಲಿ ವಂಶಪಾರಂಪರ್ಯ ಮುಖ್ಯಸ್ಥರದ್ದು. ಐದು ಕುಲ, 13 ಮನೆತನ, ಒಂದೊಂದು ಮನೆತನಕ್ಕೆ ಇಂತಿಷ್ಟು ಕಾಡು, ಹೊಳೆ. ನಮ್ಮ ತುಳುನಾಡಿನ ಅಳಿಯಸಂತಾನ ಗೊತ್ತಿರೋರಿಗೆ ಇದು ಬೇಗ ಹಿಡಿಯುತ್ತೆ, ಇಲ್ಲೂ ಮಗು ತಾಯಿಯ ಕುಲಕ್ಕೆ ಸೇರುತ್ತೆ. ಮುಖ್ಯಸ್ಥರು ಅಂದ್ರೆ ರಾಜರಲ್ಲ, ಆ ಹೆಸರನ್ನ ಕುಲದೋರೆಲ್ಲ ಸೇರೋ ಔತಣದ ಸಭೆಯಲ್ಲಿ ಎಲ್ಲರ ಸಾಕ್ಷಿಯಾಗಿ ಕೊಡ್ತಾರೆ, ಸರಿಯಾಗಿ ನಡ್ಕೊಳ್ದಿದ್ರೆ ವಾಪಸ್ ತಗೋಬಹುದು. ಬಿ.ಸಿ.ಯ ಬಹುಪಾಲು ನೆಲಕ್ಕೆ ಸರ್ಕಾರದ ಜೊತೆ ಭೂ ಒಪ್ಪಂದಾನೇ ಆಗಿಲ್ಲ, ಅಂದ್ರೆ ವೆಟ್ಸುವೆಟೆನ್ ಜನ ಯಾವತ್ತೂ ತಮ್ಮ ನೆಲವನ್ನ ಬರೆದು ಕೊಟ್ಟಿಲ್ಲ, ಮಾರಿಲ್ಲ. ನಾವು ಕಾರ್ಯಕ್ರಮಗಳಲ್ಲಿ ಮೊದಲಿಗೆ ಓದೋ ನೆಲದ ಸ್ಮರಣೆಯಲ್ಲಿ "ಬಿಟ್ಟುಕೊಡದ ನೆಲ" ಅಂತ ಬರುತ್ತಲ್ಲ, ಅದರ ಅರ್ಥ ಇಷ್ಟೇ.

ಕೋರ್ಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಊರಲ್ಲಿ ಸುಪ್ರೀಂ ಕೋರ್ಟ್ ಅಂದ್ರೆ ಕೊನೇ ಮಾತು. ಇಲ್ಲಿ ಬಿ.ಸಿ. ಸುಪ್ರೀಂ ಕೋರ್ಟ್ ಅನ್ನೋದು ಪ್ರಾಂತ್ಯದ ವಿಚಾರಣಾ ಕೋರ್ಟ್, ಅದರ ಮೇಲೆ ಅಪೀಲ್ ಕೋರ್ಟ್, ಅದರ ಮೇಲೆ ಒಟ್ಟಾವಾದಲ್ಲಿರೋ ಕೆನಡಾ ಸುಪ್ರೀಂ ಕೋರ್ಟ್. ಗಿಟ್‌ಕ್ಸನ್ ಮತ್ತು ವೆಟ್ಸುವೆಟೆನ್ ಮುಖ್ಯಸ್ಥರು 1984ರಲ್ಲಿ ನೆಲದ ಹಕ್ಕಿಗಾಗಿ ಕೇಸ್ ಹಾಕಿದಾಗ ವಿಚಾರಣೆ 374 ದಿನ ನಡೀತು. ಹಿರಿಯ ಹೆಂಗಸೊಬ್ಬರು ತಮ್ಮ ನೆಲದ ಚರಿತ್ರೆಯನ್ನ ಹಾಡಲ್ಲಿ ಹೇಳೋಕೆ ಹೊರಟಾಗ ಜಡ್ಜ್ ತಮಗೆ ಹಾಡು ಕೇಳೋ ಕಿವಿ ಇಲ್ಲ ಅಂದ್ರು, 1991ರಲ್ಲಿ ಅವರ ಹಕ್ಕನ್ನೂ ತಳ್ಳಿಹಾಕಿದ್ರು. ಓದಿದಾಗೆಲ್ಲ ಸಂಕಟ ಆಗುತ್ತೆ, ಬಾಯಿಂದ ಬಾಯಿಗೆ ಬಂದ ಮಾತೇ ಚರಿತ್ರೆ ಆಗಿರೋ ಎಷ್ಟು ಸಮುದಾಯ ನಮ್ಮ ಕಡೆನೂ ಇವೆ. ಆಮೇಲೆ 1997ರ ಡಿಸೆಂಬರ್‌ನಲ್ಲಿ, ಡೆಲ್ಗಮೂಕ್ ತೀರ್ಪು ಅಂತಾರಲ್ಲ, ಅದರಲ್ಲಿ ಒಟ್ಟಾವಾದ ಕೋರ್ಟು ಬಾಯಿಮಾತಿನ ಚರಿತ್ರೆಯನ್ನ ಸಾಕ್ಷಿ ಅಂತ ಒಪ್ಪಿ ತೂಗಿ ನೋಡ್ಲೇಬೇಕು, ಪ್ರಾಂತ್ಯ ಇವರ ಭೂಹಕ್ಕನ್ನ ಅಳಿಸೋಕಾಗಲ್ಲ ಅಂತು. ಆದ್ರೆ ಇಂಥ ನೆಲ ಇವರದ್ದೇ ಅಂತ ಘೋಷಣೆ ಮಾಡ್ಲಿಲ್ಲ, ಮತ್ತೆ ವಿಚಾರಣೆ ಮಾಡಿ ಇಲ್ಲ ಕೂತು ಮಾತಾಡಿ ಅಂತು. ಆ ಅರ್ಧಕ್ಕೆ ನಿಂತ ಜಾಗದ ಮೇಲೇನೇ ಪೈಪ್ ಹಾಯ್ದು ಹೋಗಿದೆ.

ಹೈಡಾ ಅನ್ನೋ ಇನ್ನೊಂದು ಫಸ್ಟ್ ನೇಷನ್ ಕೇಸಲ್ಲಿ ಅದೇ ಒಟ್ಟಾವಾ ಕೋರ್ಟು ಕೊಟ್ಟ 2004ರ ತೀರ್ಪಿನ ಪ್ರಕಾರ ಹಕ್ಕು ಇನ್ನೂ ಸಾಬೀತಾಗದಿದ್ರೂ ಸರ್ಕಾರ ಸಮಾಲೋಚನೆ ಮಾಡ್ಲೇಬೇಕು. ಆದ್ರೆ ಸಮಾಲೋಚನೆ ಅಂದ್ರೆ ಬೇಡ ಅನ್ನೋ ಅಧಿಕಾರ ಅಲ್ಲ, ಜಗಳದ ಬೇರು ಇಲ್ಲಿದೆ.

ಅರೆಸ್ಟ್ ಹೆಂಗೆ ಆಗುತ್ತೆ ಅಂತ ಕೇಳಿದ್ರೆ, ಕಂಪನಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತರುತ್ತೆ, ರಸ್ತೆ ಬಿಡದಿದ್ರೆ ಆರ್‌ಸಿಎಂಪಿ, ಅಂದ್ರೆ ಕೆನಡಾದ ಕೇಂದ್ರ ಪೊಲೀಸರು ಬಂದು ಹಿಡೀತಾರೆ, ಕೇಸು ಸಾಮಾನ್ಯವಾಗಿ ನ್ಯಾಯಾಂಗ ನಿಂದನೆ. 2019ರ ಡಿಸೆಂಬರ್ 31ರಂದು ಬಿ.ಸಿ. ಸುಪ್ರೀಂ ಕೋರ್ಟ್ ಇಂಥದ್ದೇ ಆಜ್ಞೆ ಕೊಡ್ತು, 2020ರ ಫೆಬ್ರವರಿಯಲ್ಲಿ ಪೊಲೀಸರು ವೆಟ್ಸುವೆಟೆನ್ ಜನ ಪೈಪ್ ದಾರಿಯಲ್ಲಿ ಹಾಕಿದ್ದ ಉನಿಸ್ಟೋಟೆನ್ ಶಿಬಿರಕ್ಕೆ ನುಗ್ಗಿದ್ರು, ಅದಕ್ಕೆ ಬೆಂಬಲವಾಗಿ ಒಂಟಾರಿಯೋದಲ್ಲಿ ಮೊಹಾಕ್ ಅನ್ನೋ ಮೂಲನಿವಾಸಿ ಜನ ರೈಲು ಹಳಿ ಪಕ್ಕ ಕೂತಿದ್ದರಿಂದ ಪೂರ್ವ ಕೆನಡಾದ ಬಹುಪಾಲು ರೈಲು ನಿಂತೋಯ್ತು. ಶಿಬಿರದೋರು ಕಾಪಾಡ್ತಿದ್ದದ್ದು ವೆಡ್ಜಿನ್ ಕ್ವಾ ನದಿಯನ್ನ, ಮ್ಯಾಪಲ್ಲಿ ಮಾರಿಸ್ ಅಂತಿರುತ್ತೆ, ಸಾಲ್ಮನ್ ಮೊಟ್ಟೆ ಇಡೋ ನೀರು, ಪೈಪ್ ಅದರ ಅಡಿಯಲ್ಲೇ ಹೋಗುತ್ತೆ. ಕೆಲಸ ನಡೀವಾಗ ಮಣ್ಣು ಕೊಚ್ಚಿ ಹೊಳೆಗೆ ಸೇರಿದ್ದಕ್ಕೆ ಪ್ರಾಂತ್ಯವೇ ಕಂಪನಿಗೆ ಹಲವು ಸಲ ದಂಡ ಹಾಕಿದೆ. 2021ರ ಬಂಧನಗಳ ವೇಳೆ ಪೊಲೀಸರು ಬಂಧಿತರ ಸಂವಿಧಾನದ ಹಕ್ಕು ಮುರಿದಿದ್ರು ಅಂತ 2025ರಲ್ಲಿ ಕೋರ್ಟೇ ಹೇಳ್ತು.

ಹಾಗಂತ ಮೂಲನಿವಾಸಿಗಳೆಲ್ಲ ಗ್ಯಾಸ್ ವಿರುದ್ಧ ಅಂದ್ಕೋಬೇಡಿ. ಕಿಟಿಮ್ಯಾಟ್ ಹತ್ರದ ಹೈಸ್ಲಾ ನೇಷನ್ ಸೀಡರ್ ಎಲ್‌ಎನ್‌ಜಿ ಅನ್ನೋ ಪ್ರಾಜೆಕ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲುದಾರರು, ಅವರದ್ದೇ ಕನಸು ಅದು. ಉತ್ತರದ ಇನ್ನೊಂದು ಪೈಪ್, ಪ್ರಿನ್ಸ್ ರೂಪರ್ಟ್ ಲೈನ್, ಅದನ್ನ ನಿಸ್ಗಾ ನೇಷನ್ ಪಾಲುದಾರರ ಜೊತೆ ಸೇರಿ ಕೊಂಡ್ಕೊಂಡಿದೆ, ಪಕ್ಕದ ಗಿಟನ್ಯೋ ಮುಖ್ಯಸ್ಥರು 2024ರಲ್ಲಿ ಅದೇ ಪೈಪ್‌ನ ಕೆಲಸದ ಗಾಡಿಗಳಿಗೆ ರಸ್ತೆ ಬಂದ್ ಮಾಡಿದ್ರು. ಯಾವ ಸರ್ಕಾರವೂ ತಿರುಗಿ ನೋಡದ ಊರಿಗೆ ಕೆಲಸ ತಂದ ಕೌನ್ಸಿಲರ್‌ನ್ನ ದ್ರೋಹಿ ಅನ್ನೋದು ನನಗೆ ಒಪ್ಪಿಗೆ ಇಲ್ಲ. ಆದ್ರೆ ರಿಸರ್ವ್ ಒಳಗಿನ ಅಧಿಕಾರದ ಸಹಿ ತೋರಿಸಿ ಹೊರಗಿನ ಇಡೀ ನೆಲಕ್ಕೆ ಒಪ್ಪಿಗೆ ಸಿಕ್ತು ಅನ್ನೋದು ಅದಕ್ಕಿಂತ ದೊಡ್ಡ ಅನ್ಯಾಯ. ಸುದ್ದಿ ಓದುವಾಗ ಯಾರು ಸಹಿ ಹಾಕಿದ್ರು, ಯಾವ ನೆಲಕ್ಕೆ ಅಂತ ಎರಡೂ ನೋಡಿ.

ನಾವೇನು ಮಾಡಬಹುದು? ಶಾಂತವಾಗಿ ಪ್ರತಿಭಟನೆಗೆ ಸೇರೋಕೆ ಸಿಟಿಜನ್ ಆಗ್ಬೇಕಿಲ್ಲ, ಆ ಹಕ್ಕು ಎಲ್ಲರಿಗೂ ಇದೆ. ಆದ್ರೆ ತಡೆಯಾಜ್ಞೆ ಇರೋ ಜಾಗಕ್ಕೆ ಹೋದ್ರೆ ಕಥೆ ಬೇರೆ, ಸ್ಟಡಿ ಪರ್ಮಿಟ್, ವರ್ಕ್ ಪರ್ಮಿಟ್, ಪಿಆರ್ (ಕಾಯಂ ನಿವಾಸ) ಮೇಲಿರೋರು ಇಮಿಗ್ರೇಷನ್ ವಕೀಲರನ್ನ ಕೇಳದೆ ಹೋಗ್ಬೇಡಿ, ಅಪರಾಧ ಸಾಬೀತಾದ್ರೆ ಇಲ್ಲಿರೋದಕ್ಕೇ ಕುತ್ತು ಬರಬಹುದು. ಪ್ರಾಂತ್ಯದ ಪರಿಸರ ಮೌಲ್ಯಮಾಪನ ಆಫೀಸು ಪ್ರಾಜೆಕ್ಟ್‌ಗಳ ಮೇಲೆ ಆಗಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತೆ, ವೋಟ್ ಇಲ್ಲದೋರೂ ಬರೀಬಹುದು, ಆನ್‌ಲೈನ್‌ನಲ್ಲೇ ಆಗುತ್ತೆ. ನಿಮ್ಮ ಏರಿಯಾದ ಎಂಎಲ್‌ಎ, ಎಂಪಿಗೂ ಇಮೇಲ್ ಮಾಡಿ. ಬರೆಯುವಾಗ ಪ್ರಾಜೆಕ್ಟ್ ಬೇಕು ಬೇಡ ಅಂತ ಮಾತ್ರ ಬರೆಯೋ ಬದಲು, ಎರಡನೇ ಹಂತದ ಪ್ರತಿ ಕಂಪ್ರೆಸರ್ ಸ್ಟೇಷನ್ ಯಾವ ಮನೆತನದ ನೆಲದ ಮೇಲೆ ಬರುತ್ತೆ, ಆ ಮನೆತನದ ಮುಖ್ಯಸ್ಥರನ್ನ ಕೇಳಿದ್ರಾ, ಅವರೇನಂದ್ರು ಅಂತ ನೇರವಾಗಿ ಕೇಳಿ.