ನಯೋಬಿಯಂ-ಟಿನ್ ಕಾಯಿಲ್: ಮೊದಲು ಸುತ್ತು, ಆಮೇಲೆ ಕಾಯಿಸು

ಸರ್ನ್‌ನ ಕಣ ವೇಗವರ್ಧಕ ಎಲ್‌ಎಚ್‌ಸಿಯ ಈಗಿನ ಡೈಪೋಲ್‌ಗಳಲ್ಲಿ, ಅಂದರೆ ಕಣಗಳ ದಾರಿ ಬಾಗಿಸುವ ಆಯಸ್ಕಾಂತಗಳಲ್ಲಿ, ಇರುವುದು ನಯೋಬಿಯಂ-ಟೈಟಾನಿಯಂ ತಂತಿ. ಅದು ಅತಿವಾಹಕ: ತೀರಾ ತಣ್ಣಗಿದ್ದಾಗ ತಡೆಯಿಲ್ಲದೆ ವಿದ್ಯುತ್ ಹರಿಸುತ್ತದೆ. ಹೇಳಿದಂತೆ ಬಾಗುತ್ತದೆ, ಆದರೆ ಕಾಂತಕ್ಷೇತ್ರ 8–9 ಟೆಸ್ಲಾ ದಾಟಿದರೆ ಅದರಿಂದ ಕೆಲಸ ತೆಗೆಯುವುದು ಕಷ್ಟ. ಡಿಕ್ಕಿಗಳ ಸಂಖ್ಯೆ ಹೆಚ್ಚಿಸುವ ಹೈ-ಲುಮಿನಾಸಿಟಿ ಹಂತದ 150 ಮಿ.ಮೀ. ಒಳವ್ಯಾಸದ ಕ್ವಾಡ್ರುಪೋಲ್‌ಗಳಲ್ಲಿ (ಕಣಗಳ ಕಿರಣವನ್ನು ಕಿರಿದಾಗಿಸುವ ಆಯಸ್ಕಾಂತಗಳಲ್ಲಿ) ಕಾಯಿಲ್, ಅಂದರೆ ತಂತಿಯ ಸುರುಳಿ, 11 ಟೆಸ್ಲಾಕ್ಕೂ ಹೆಚ್ಚಿನ ಕ್ಷೇತ್ರ ತಾಳಬೇಕು. ಅಲ್ಲಿ ನಯೋಬಿಯಂ-ಟಿನ್ನೇ (ನಯೋಬಿಯಂ ಮತ್ತು ತವರದ ಸಂಯುಕ್ತ) ಬೇಕು. ಆದರೆ ಅದು ಪಿಂಗಾಣಿಯಷ್ಟೇ ಪೆಡಸು. ಹಾಗಾಗಿ ಎಳೆಯೊಳಗೆ ನಯೋಬಿಯಂ, ತಾಮ್ರ, ತವರ ಇನ್ನೂ ಬೇರೆಬೇರೆಯಾಗಿರುವಾಗಲೇ ಸುತ್ತಿ ಮುಗಿಸುತ್ತೇವೆ. ಆಮೇಲೆ ಕಾಯಿಸಿದಾಗ ನಯೋಬಿಯಂ-ಟಿನ್ ಆಗುತ್ತದೆ.

ಕೇಬಲ್ ಚಪ್ಪಟೆ: 0.85 ಮಿ.ಮೀ.ನ 40 ಎಳೆ. ಮೇಲೆ ಗಾಜಿನ ನೂಲಿನ ಹೆಣಿಗೆ, ಮುಂದಿನ ಶಾಖಕ್ಕೆ ಪ್ಲಾಸ್ಟಿಕ್ ನಿರೋಧಕ ಯಾವುದೂ ಉಳಿಯದು. ಕಾಯುವಾಗ ಕೇಬಲ್ ದಪ್ಪದಲ್ಲಿ ಸುಮಾರು 4.5%, ಅಗಲದಲ್ಲಿ 1.2% ಉಬ್ಬುತ್ತದೆ. ಅಚ್ಚಿನಲ್ಲಿ ಆ ಜಾಗವನ್ನು ಮೊದಲೇ ಬಿಟ್ಟಿರಬೇಕು. ಉದ್ದದಲ್ಲಿ ಕಾಯಿಲ್ ಕುಗ್ಗುವುದರಿಂದ ಕೇಬಲ್ ಸುತ್ತಿಕೊಳ್ಳುವ ನಡುವಿನ ಪೋಲ್ ತುಂಡುಗಳ ಮಧ್ಯೆಯೂ ಸಂದು ಬಿಡುತ್ತೇವೆ. ಇಲ್ಲದಿದ್ದರೆ ಕೇಬಲ್ ಎಳೆತಕ್ಕೆ ಸಿಕ್ಕಿ ಅದರ ವಿದ್ಯುತ್ ಸಾಮರ್ಥ್ಯ ಕುಸಿಯುತ್ತದೆ.

ಫರ್ನೇಸ್‌ನಲ್ಲಿ ಆರ್ಗಾನ್ ಸತತ ಹರಿಯುತ್ತಿರಬೇಕು. ನೂಲಿನ ಅಂಟು ಉರಿದು ಉಳಿಯುವ ಇಂಗಾಲ ಹೊರಹೋಗದಿದ್ದರೆ ಸುತ್ತುಗಳ ನಡುವೆ ವಿದ್ಯುತ್ ಸೋರುತ್ತದೆ. ಮೊದಲ ನಿಲುಗಡೆ 210 ಡಿಗ್ರಿಯಲ್ಲಿ 48 ಗಂಟೆ. ಅವಸರ ಮಾಡಲೇಬಾರದ ಹಂತ ಇದೇ. ತವರ 232 ಡಿಗ್ರಿಗೆ ಕರಗುತ್ತದೆ. ಅಷ್ಟರೊಳಗೆ ಅದು ತಾಮ್ರದೊಂದಿಗೆ ಬೆರೆತಿರದಿದ್ದರೆ, ಕರಗಿದ ತವರ ಎಳೆಯನ್ನು ಒಡೆದು ಹನಿಯಾಗಿ ಹೊರಬರುತ್ತದೆ. ನಂತರ 400 ಡಿಗ್ರಿಯಲ್ಲಿ 48 ಗಂಟೆ, ಕೊನೆಗೆ 665 ಡಿಗ್ರಿಯಲ್ಲಿ ಸುಮಾರು 50 ಗಂಟೆ. ಇಲ್ಲಿ ಅತಿಯಾದರೆ ತವರ ಎಳೆಯೊಳಗಿನ ತಡೆಗೋಡೆ ದಾಟಿ ಸುತ್ತಲಿನ ಶುದ್ಧ ತಾಮ್ರವನ್ನು ಕೆಡಿಸುತ್ತದೆ. ಕ್ವೆಂಚ್ ಆದಾಗ, ಅಂದರೆ ಅತಿವಾಹಕತೆ ತಪ್ಪಿದಾಗ, ವಿದ್ಯುತ್ ಹರಿಯಬೇಕಾದದ್ದು ಅದೇ ತಾಮ್ರದಲ್ಲಿ. ಉಕ್ಕಿನ ಅಚ್ಚು ನಿಧಾನವಾಗಿ ಕಾಯುವುದರಿಂದ, ಗಂಟೆ ಎಣಿಸಬೇಕಾದದ್ದು ಫರ್ನೇಸ್‌ನ ಫಲಕ ನೋಡಿ ಅಲ್ಲ, ಅಚ್ಚಿಗೆ ಹಚ್ಚಿದ ಥರ್ಮೋಕಪಲ್ (ತಾಪ ಅಳೆಯುವ ತಂತಿ) ನೋಡಿ. ಜೊತೆಗೆ ಅದೇ ತಂತಿಯ ಮಾದರಿ ತುಂಡುಗಳನ್ನೂ ಇಟ್ಟು, ಆಮೇಲೆ 4.2 ಕೆಲ್ವಿನ್‌ನಲ್ಲಿ (ಸುಮಾರು ಮೈನಸ್ 269 ಡಿಗ್ರಿ) ಅವುಗಳ ವಿದ್ಯುತ್ ಸಾಮರ್ಥ್ಯ ಅಳೆಯುತ್ತೇವೆ.

ಹೊರಬಂದ ಕಾಯಿಲ್‌ನ ತುದಿಗಳನ್ನು ನಯೋಬಿಯಂ-ಟೈಟಾನಿಯಂ ಕೇಬಲ್‌ಗೆ ಬೆಸೆಯುವುದು ಇಡೀ ಕೆಲಸದ ಅತಿ ನಾಜೂಕಿನ ಘಳಿಗೆ. ತುದಿಗೆ ಪೂರ್ತಿ ಆಸರೆ ಕೊಟ್ಟ ಮೇಲಷ್ಟೇ ಬೆಸುಗೆ, ಒಮ್ಮೆಯೂ ಬಗ್ಗಿಸುವಂತಿಲ್ಲ.

ಆಮೇಲೆ ಸುತ್ತುಗಳ ಸಂದು ತುಂಬಿ ಗಟ್ಟಿಯಾಗುವ ಅಂಟು ಎಪಾಕ್ಸಿಯನ್ನು ನಿರ್ವಾತದಲ್ಲಿ, ಓರೆಯಾಗಿಟ್ಟ ಅಚ್ಚಿನ ತಗ್ಗಿನ ತುದಿಯಿಂದ ಮೆಲ್ಲಗೆ ಏರಿಸುತ್ತೇವೆ. 110 ಡಿಗ್ರಿಯಲ್ಲಿ 5 ಗಂಟೆ, 125ರಲ್ಲಿ 16 ಗಂಟೆ ಇಟ್ಟರೆ ಗಟ್ಟಿಯಾಗುತ್ತದೆ. ಬೇಗ ಹರಿಸಿದರೆ ಗುಳ್ಳೆ ಉಳಿದು, ಎಪಾಕ್ಸಿ ಕಾಣದ ಜಾಗಗಳಾಗುತ್ತವೆ. ವಿದ್ಯುತ್ ಏರಿಸಿದಾಗ ಅಂಥಲ್ಲಿ ಸೀಳು ಬಿಡುತ್ತದೆ. ಆಯಸ್ಕಾಂತ ಕೆಲಸ ಮಾಡುವ 1.9 ಕೆಲ್ವಿನ್‌ನಲ್ಲಿ ಲೋಹದ ಉಷ್ಣಧಾರಣೆ ಎಷ್ಟು ಕಡಿಮೆಯೆಂದರೆ, ಆ ಸೀಳಿನ ಪುಟ್ಟ ಶಾಖವೇ ಕ್ವೆಂಚ್‌ಗೆ ಸಾಕು.

ಆಯಸ್ಕಾಂತದ ಜೋಡಣೆಯಲ್ಲಿ ಕಾಯಿಲ್ ಮೇಲಿನ ಪೂರ್ತಿ ಒತ್ತಡವನ್ನು ಕೋಣೆಯ ತಾಪದಲ್ಲೇ ಹಾಕುವುದಿಲ್ಲ. ನೀರು ತುಂಬಿ ಉಬ್ಬಿಸುವ ಬ್ಲ್ಯಾಡರ್‌ಗಳಿಂದ (ತೆಳು ಲೋಹದ ಚೀಲಗಳಿಂದ) ಹೊರಕವಚದೊಳಗೆ ಸಂದು ತೆರೆದು, ಅದರಲ್ಲಿ ಕೀಲಿ, ಅಂದರೆ ಲೋಹದ ಪಟ್ಟಿ, ತೂರಿಸುತ್ತೇವೆ. ಉಳಿದ ಬಿಗಿತವನ್ನು ತಣ್ಣಗಾಗುವಾಗ ಉಕ್ಕಿಗಿಂತ ಹೆಚ್ಚು ಕುಗ್ಗುವ ಅಲ್ಯೂಮಿನಿಯಂ ಹೊರಕವಚವೇ ಕೊಡುತ್ತದೆ.