ಥಾಣೆ ಖಾಡಿಯಲ್ಲಿ ಗಿಡ ನೆಡುವುದಕ್ಕಿಂತ ನೀರಿನ ದಾರಿ ಕಾಯುವುದೇ ಕೆಲಸ

ಮುಂಬೈಯಲ್ಲಿ ಕಾಡು ಎಲ್ಲಿದೆ ಅಂತ ಕೇಳಿದರೆ ಎಲ್ಲರೂ ಬೋರಿವಲಿ ನ್ಯಾಷನಲ್ ಪಾರ್ಕ್ ಕಡೆ ಕೈ ತೋರಿಸುತ್ತಾರೆ. ತಪ್ಪೇನಿಲ್ಲ. ನೂರು ಚದರ ಕಿಲೋಮೀಟರಿಗೂ ಜಾಸ್ತಿ ಕಾಡು, ಒಳಗೆ ಚಿರತೆ, ಕಾನ್ಹೇರಿ ಗುಹೆಗಳು, ತುಳಸಿ ಮತ್ತು ವಿಹಾರ್ ಕೆರೆ. ನಾನೂ ಶುರುವಿನಲ್ಲಿ ಅಲ್ಲೇ ಅಲೆದವನು. ಆದರೆ ಕೊನೆಗೆ ಹಿಡಿದುಕೊಂಡಿದ್ದು ನಗರದ ಪೂರ್ವದ ಅಂಚನ್ನು, ಅಂದರೆ ಸಮುದ್ರದ ನೀರು ಒಳಗೆ ಬಂದು ಹೋಗುವ ಥಾಣೆ ಖಾಡಿಯನ್ನು. ಮುಲುಂಡ್‌ನ ನಮ್ಮ ಮನೆಯಿಂದ ರಿಕ್ಷಾ ದೂರ. ಹೈವೇ ದಾಟಿ ಸ್ವಲ್ಪ ಒಳಗೆ ಹೋದರೆ ಕೆಸರು, ಹಕ್ಕಿ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ನಮ್ಮೂರು ಕುಂದಾಪುರ ಕಡೆ ಆದ್ದರಿಂದ ಕಾಂಡ್ಲಾ ನನಗೆ ಹೊಸತೇನಲ್ಲ. ಇಷ್ಟು ದೊಡ್ಡ ನಗರಕ್ಕೆ ಅಂಟಿಕೊಂಡು ಅದು ಉಳಿದಿದೆ ಅನ್ನುವುದು ಮಾತ್ರ ಹೊಸತು.

ಇಲ್ಲಿಗೆ ಬರುವವರು ಮೊದಲು ನೋಡಬೇಕಾದ್ದು ಭರತ-ಇಳಿತದ ಪಟ್ಟಿ. ಮೊಬೈಲಿನಲ್ಲೇ ಸಿಗುತ್ತದೆ. ಇವತ್ತಿನ ಭರತದ ಹೊತ್ತಿಗೆ ಸುಮಾರು 50 ನಿಮಿಷ ಸೇರಿಸಿದರೆ ನಾಳೆಯದು ಗೊತ್ತಾಗುತ್ತದೆ. ಹಾಗಾಗಿ ಬೆಳಿಗ್ಗೆ ಆರಕ್ಕೇ ಹಾಜರಾಗುವ ಹಕ್ಕಿ ನೋಡುವವರ ರೂಢಿ ಇಲ್ಲಿ ನಡೆಯುವುದಿಲ್ಲ. ಪೂರ್ತಿ ಇಳಿತ ಇದ್ದರೆ ರಾಜಹಂಸಗಳು (ಫ್ಲೆಮಿಂಗೊ) ಎಲ್ಲೋ ದೂರದ ಕೆಸರಿನಲ್ಲಿ ಗುಲಾಬಿ ಗೆರೆಯಾಗಿ ಕಾಣುತ್ತವೆ, ಅಷ್ಟೇ. ನೀರು ಏರುತ್ತಿದ್ದಂತೆ ಅವೂ ದಡದ ಕಡೆ ಸರಿಯುತ್ತವೆ. ಆಗ ಭಾಂಡುಪ್ ಪಂಪಿಂಗ್ ಸ್ಟೇಷನ್ ಹತ್ತಿರ ನಿಂತರೆ ಬೈನಾಕ್ಯುಲರ್ ಕೂಡ ಬೇಡ. ಕೊಕ್ಕನ್ನು ತಲೆಕೆಳಗಾಗಿ ನೀರಿಗೆ ಅದ್ದಿ ಪಾಚಿ ಸೋಸಿ ತಿನ್ನುವುದು ಬರಿಗಣ್ಣಿಗೇ ಕಾಣುತ್ತದೆ. ಹೆಚ್ಚಾಗಿ ನವೆಂಬರ್‌ನಿಂದ ಮೇವರೆಗೆ ಇರುತ್ತವೆ. ಕುಟುಂಬದ ಜೊತೆ ಬರುವವರಿಗೆ ಐರೋಲಿಯಿಂದ ದೋಣಿ ಇದೆ. ಅದೂ ಹೊರಡುವುದು ಭರತದ ಲೆಕ್ಕ ನೋಡಿಯೇ.

ಈ ಖಾಡಿಗೆ ಕಾಗದದ ಮೇಲೆ ರಕ್ಷಣೆ ಕಡಿಮೆಯೇನಿಲ್ಲ. 2015ರಲ್ಲಿ ರಾಜಹಂಸ ಅಭಯಾರಣ್ಯ ಆಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕಾಂಡ್ಲಾ ಕಡಿಯಬಾರದು ಅಂತ ಬಾಂಬೆ ಹೈಕೋರ್ಟ್ 2005ರಲ್ಲೇ ಹೇಳಿದೆ. 2018ರ ತೀರ್ಪಿನಲ್ಲಿ ಕಾಂಡ್ಲಾದ ಸುತ್ತ 50 ಮೀಟರ್ ಜಾಗವನ್ನೂ ಬಿಡಬೇಕು ಅಂದಿದೆ. ಆದರೆ ಕಾಂಡ್ಲಾ ಕೊಲ್ಲಲು ಕೊಡಲಿಯೇ ಬೇಕು ಅಂತ ಇಲ್ಲ ಅಲ್ವಾ? ರಾತ್ರಿ ನಾಲ್ಕು ಡಂಪರ್ ಕಟ್ಟಡದ ಡೆಬ್ರಿಸ್ ತಂದು ಸರಿಯಾದ ಜಾಗದಲ್ಲಿ ಸುರಿದರೆ ಸಾಕು.

ಅದು ಹೇಗೆ ಅಂತ ತಿಳಿಯಲು ಮರದ ಬುಡದಲ್ಲಿ ಕೂತು ನೋಡಬೇಕು. ಈ ಖಾಡಿಯಲ್ಲಿ ಜಾಸ್ತಿ ಇರುವ ಕಾಂಡ್ಲಾದ ಬೇರುಗಳು ಕೆಸರಿನಿಂದ ಮೇಲಕ್ಕೆ ಪೆನ್ಸಿಲ್ ನೆಟ್ಟ ಹಾಗೆ ನೂರಾರು ಎದ್ದು ನಿಂತಿರುತ್ತವೆ. ಮರ ಉಸಿರಾಡುವುದು ಅವುಗಳ ಮೂಲಕ. ಭರತದಲ್ಲಿ ಮುಳುಗಿ ಇಳಿತದಲ್ಲಿ ಮತ್ತೆ ಗಾಳಿಗೆ ತೆರೆದುಕೊಂಡರೆ ಮಾತ್ರ ಅವಕ್ಕೆ ಬದುಕು. ಎಲೆಯ ಮೇಲೆ ಉಪ್ಪಿನ ಹರಳು ಕಾಣುತ್ತದೆ, ಜಾಸ್ತಿಯಾದ ಉಪ್ಪನ್ನು ಗಿಡ ಹೊರಗೆ ಹಾಕಿದ್ದು. (ನೆಕ್ಕಿ ನೋಡಿ ಅನ್ನಬಹುದಿತ್ತು. ಈ ಖಾಡಿಯ ಕೊಳಚೆ ಗೊತ್ತಿದ್ದವನು ಹಾಗೆ ಹೇಳಲಾರೆ.) ನೀರು ಬರುವ ದಾರಿ ಮುಚ್ಚಿದರೆ ಮಣ್ಣಲ್ಲಿ ಉಪ್ಪು ಏರಿ ಮರ ಒಣಗುತ್ತದೆ. ಹೋಗುವ ದಾರಿ ಮುಚ್ಚಿದರೆ ನೀರು ನಿಂತು ಬೇರು ಉಸಿರುಗಟ್ಟುತ್ತದೆ. ಎರಡರಲ್ಲೂ ಕಡಿದವರು ಯಾರೂ ಇಲ್ಲ. ಸ್ವಲ್ಪ ದಿನ ಕಳೆದ ಮೇಲೆ 'ಇಲ್ಲಿ ಕಾಂಡ್ಲಾ ಎಲ್ಲಿದೆ?' ಅಂತ ಕೇಳುವವರು ಮಾತ್ರ ಇರುತ್ತಾರೆ.

ಹಾಗಾಗಿ ನಾನು ಮತ್ತು ನಾಲ್ಕೈದು ಗೆಳೆಯರು ಮರ ಎಣಿಸುವುದು ಬಿಟ್ಟು ನೀರಿನ ದಾರಿಗಳ ಪಟ್ಟಿ ಮಾಡಿದೆವು. ಯಾವ ಕಾಲುವೆ, ಯಾವ ರಸ್ತೆಯ ಅಡಿಯ ಪೈಪ್, ಯಾವ ಒಡ್ಡಿನ ತೂತು. ಇದರಲ್ಲಿ ಸಹಾಯ ಮಾಡಿದ್ದು ಖಾಡಿಯಲ್ಲಿ ಮೀನು ಹಿಡಿಯುವ ಕೋಲಿ ಸಮುದಾಯದ ಒಬ್ಬ ಹಿರಿಯರು. ನಾವು ಮ್ಯಾಪಿನಲ್ಲಿ ಹುಡುಕುತ್ತಿದ್ದ ಕಾಲುವೆಗಳನ್ನು ಅವರು ಕೂತಲ್ಲೇ ಹೇಳಿದರು. ಯಾವುದು ಯಾವಾಗ ಮುಚ್ಚಿತು ಅನ್ನುವುದೂ ಅವರಿಗೆ ಬಾಯಿಪಾಠ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ಹೋಗಿ ನೀರು ಎಲ್ಲಿವರೆಗೆ ಬಂತು ಅಂತ ನೋಡುತ್ತೇವೆ. ಅದೇ ಜಾಗದಿಂದ, ಅದೇ ಕೋನದಲ್ಲಿ ಫೋಟೋ. ಫೋನಿನ ಲೊಕೇಶನ್ ಆನ್ ಇರಬೇಕು. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಚಿತ್ರ ಸಿಗುತ್ತದೆ, ಹಸಿರಿದ್ದ ಜಾಗ ಕಂದು ಬಣ್ಣಕ್ಕೆ ತಿರುಗಿದ್ದನ್ನು ಅದರಿಂದ ತೋರಿಸಬಹುದು.

ದೂರು ಕೊಡುವಾಗ ಒಂದು ಕಚೇರಿಯವರು ಇನ್ನೊಂದರತ್ತ ಕೈ ತೋರಿಸಿದರು, ಅವರು ಮೂರನೆಯದರತ್ತ. ಇದು ಮಾಮೂಲು, ಹೆಚ್ಚು ಹೇಳುವುದೇನಿಲ್ಲ. ಕೆಲಸ ಮಾಡಿದ್ದು ಏನೆಂದರೆ, 'ಪರಿಸರ ನಾಶವಾಗುತ್ತಿದೆ' ಅಂತ ಪುಟಗಟ್ಟಲೆ ಬರೆಯುವುದು ಬಿಟ್ಟು 'ಈ ಜಾಗದ ಈ ಪೈಪ್ ಮುಚ್ಚಿದೆ, ದಯವಿಟ್ಟು ತೆಗೆಸಿ' ಅಂತ ಒಂದೇ ಸಾಲು ಬರೆದದ್ದು. ಪೈಪ್ ತೆಗೆಸುವುದು ಒಬ್ಬ ಅಧಿಕಾರಿ ಒಂದು ಜೆಸಿಬಿ ಕಳಿಸಿ ಮುಗಿಸಬಹುದಾದ ಕೆಲಸ. ನಾಶ ತಡೆಯಿರಿ ಅಂದರೆ ಅವರಾದರೂ ಎಲ್ಲಿಂದ ಶುರು ಮಾಡಬೇಕು?

ಗಿಡ ನೆಡುವ ಕಾರ್ಯಕ್ರಮಕ್ಕೆ ಕರೆದರೆ ನಾನು ಹೋಗುವುದಿಲ್ಲ. ಹಾಗಾಗಿ ಕೆಲವರಿಗೆ ನನ್ನ ಮೇಲೆ ಬೇಸರವಿದೆ. ಬರೀ ಕೆಸರು ಖಾಲಿ ಬಿದ್ದಿದೆ ಅಂತ ಅದರಲ್ಲಿ ಕಾಂಡ್ಲಾ ನೆಟ್ಟರೆ ಹಕ್ಕಿಗಳ ಊಟದ ಜಾಗವೇ ಹೋಗುತ್ತದೆ. ನೀರು ಬಂದು ಹೋಗುವ ಕಡೆ ಬೀಜ ತಾನೇ ತೇಲಿ ಬಂದು ಊರುತ್ತದೆ, ಯಾರೂ ಕರೆಯಬೇಕಾಗಿಲ್ಲ. ಖಾಡಿಯ ಆಚೆ ನೆರೂಳ್‌ನಲ್ಲಿ ಡಿಪಿಎಸ್ ಕೆರೆ ಅಂತ ಇದೆ. ಭರತದ ಹೊತ್ತಿನಲ್ಲಿ ರಾಜಹಂಸಗಳು ಇಳಿಯುವ ಜಾಗ. 2024ರಲ್ಲಿ ಸಮುದ್ರದ ನೀರು ಒಳಬರುವ ದಾರಿ ಮುಚ್ಚಿ ಆ ಕೆರೆ ಒಣಗಿತು, ಅದೇ ಬೇಸಿಗೆಯಲ್ಲಿ ಅಲ್ಲಿ ಹಕ್ಕಿಗಳು ಸತ್ತವು. ಅಲ್ಲಿ ಬೇಕಾಗಿದ್ದದ್ದು ಗಿಡವಲ್ಲ, ನೀರು.

ನಾವು ಬೆನ್ನು ಹತ್ತಿದ ಪೈಪ್‌ಗಳಲ್ಲಿ ಒಂದು ತೆರೆದಿದೆ. ಅದರ ಬಾಯಿಗೆ ಹತ್ತಿರದ ಮರಗಳು ಚಿಗುರಿವೆ, ಹಿಂದಿನ ಸಾಲು ಇನ್ನೂ ಒಣಗಿಯೇ ನಿಂತಿದೆ. ಪ್ಲಾಸ್ಟಿಕ್ ಬಂದು ಬಾಯಿ ಮತ್ತೆ ಕಟ್ಟುತ್ತದೆ. ಹಾಗಾಗಿ ದೊಡ್ಡ ಭರತಕ್ಕೆ ಮೊದಲು ಯಾರಾದರೂ ಒಬ್ಬರು ಗಮ್‌ಬೂಟ್ ಹಾಕಿಕೊಂಡು, ಕೊಕ್ಕೆ ಕಟ್ಟಿದ ಬಿದಿರಿನ ಕೋಲು ಹಿಡಿದು ಹೋಗಿ ಬರುತ್ತೇವೆ. ಈ ಸಲದ ಪಾಳಿ ನನ್ನದು.